ಲಾಯ್ಡ್ಸ್‌ನಲ್ಲಿ ವಿಮೆಯ ಹೊಣೆ ಹೊರುವವರು ಯಾರು?

ನಟಿಯ ಕಾಲಿಗೆ, ಉಪಗ್ರಹಕ್ಕೆ, ಕಚ್ಚಾತೈಲದ ಹಡಗಿಗೆ 'ಲಂಡನ್ನಿನ ಲಾಯ್ಡ್ಸ್ ಕಂಪನಿ ವಿಮೆ ಮಾಡಿದೆ' ಎಂಬ ಸುದ್ದಿ ಆಗಾಗ ಬರುತ್ತದೆ. ವಿಮೆ ಆಗಿರುವುದು ನಿಜವೇ ಇರಬಹುದು. ಆದರೆ ಲಾಯ್ಡ್ಸ್ ಕಂಪನಿಯಲ್ಲ, ಹೊಣೆ ಹೊತ್ತಿರುವುದೂ ಅದಲ್ಲ. ಬ್ಯಾಡಗಿಯ ಎಪಿಎಂಸಿ ಪ್ರಾಂಗಣ ಮೆಣಸಿನಕಾಯಿ ಕೊಳ್ಳುವುದಿಲ್ಲ, ಕೊಳ್ಳುವವರು ಅದರೊಳಗಿನ ವರ್ತಕರು. ಪ್ರಾಂಗಣ ಜಾಗ ಕೊಡುತ್ತದೆ, ಲೈಸೆನ್ಸ್ ಕೊಡುತ್ತದೆ, ತೂಕಕ್ಕೂ ಹಣದ ಬಟವಾಡೆಗೂ ನಿಯಮ ಹಾಕುತ್ತದೆ. ಲಂಡನ್ನಿನ ಲೈಮ್ ಸ್ಟ್ರೀಟ್‌ನಲ್ಲಿರುವ ಲಾಯ್ಡ್ಸ್ ಕೂಡ ಅಂಥದೇ ಪ್ರಾಂಗಣ, ಅಲ್ಲಿ ಕೈ ಬದಲಾಗುವ ಸರಕು ಅಪಾಯ. 2024ರಲ್ಲಿ ಅದರೊಳಗೆ ಬರೆದ ಒಟ್ಟು ಪ್ರೀಮಿಯಂ 5,550 ಕೋಟಿ ಪೌಂಡ್.

ಈ ವ್ಯತ್ಯಾಸದ ಬೆಲೆ ಗೊತ್ತಾಗುವುದು ಕ್ಲೇಮು ಬಂದ ದಿನ. ಹಣ ಯಾರಿಂದ ಬರಬೇಕು, ಅವರಲ್ಲೊಬ್ಬ ದಿವಾಳಿಯಾದರೆ ಅವನ ಪಾಲನ್ನು ಯಾರು ತುಂಬಬೇಕು, ಜಗಳವಾದರೆ ದಾವೆ ಯಾರ ಮೇಲೆ ಎಂಬ ಪ್ರಶ್ನೆಗಳಿಗೆ ಉತ್ತರ ಲಾಯ್ಡ್ಸ್‌ನ ಕಟ್ಟುಪಾಡಿನಲ್ಲಿದೆ.

ಕಾಫಿ ಅಂಗಡಿಯಿಂದ ಬಂದ ಪದ್ಧತಿ

ಎಡ್ವರ್ಡ್ ಲಾಯ್ಡ್ ಕಾಫಿ ಮಾರುತ್ತಿದ್ದವನು, ವಿಮೆ ಬರೆದವನಲ್ಲ. 1680ರ ದಶಕದ ಕೊನೆಗೆ ಅವನ ಅಂಗಡಿ ಲಂಡನ್ನಿನ ಟವರ್ ಸ್ಟ್ರೀಟ್‌ನಲ್ಲಿತ್ತು; 1691ರಲ್ಲಿ ಲೊಂಬಾರ್ಡ್ ಸ್ಟ್ರೀಟ್‌ಗೆ ಬಂತು. ಹಡಗಿನ ಕಪ್ತಾನರು, ಮಾಲೀಕರು, ವರ್ತಕರು ಅಲ್ಲಿ ಕೂಡುತ್ತಿದ್ದರು. ಯಾವ ಹಡಗು ಯಾವ ಬಂದರಿಗೆ ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂಬ ಸುದ್ದಿ ಅಲ್ಲಿ ಬೇಗ ಸಿಗುತ್ತಿತ್ತು. ವಿಮೆ ಬೇಕಾದವನು ಹಡಗು, ಸರಕು, ಪ್ರಯಾಣದ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಹಣವಂತರ ಮುಂದಿಡುತ್ತಿದ್ದ. ಒಪ್ಪಿದವರು ಅದರ ಕೆಳಗೆ ತಮ್ಮ ಹೆಸರು, ತಾವು ಹೊರುವ ಮೊತ್ತ ಎರಡನ್ನೂ ಬರೆಯುತ್ತಿದ್ದರು. ಅಂಡರ್‌ರೈಟರ್ ಎನ್ನುವುದು ಈ ಕೆಳಬರಹದ ನೆನಪು. ಲಾಯ್ಡ್ 1713ರಲ್ಲಿ ತೀರಿಕೊಂಡ, ಅಂಗಡಿಯ ಹೆಸರು ಗಿರಾಕಿಗಳಿಗೆ ಅಂಟಿಕೊಂಡಿತು.

ಆ ಕಾಲದ ಲಂಡನ್ನಿನಲ್ಲಿ ಕಾಫಿ ಅಂಗಡಿಗಳಿಗೇನೂ ಬರವಿರಲಿಲ್ಲ. ಇದೊಂದೇ ಬೆಳೆಯಲು 1720ರ ಒಂದು ಕಾನೂನೂ ಕಾರಣ. ಬ್ರಿಟಿಷ್ ಸಂಸತ್ತು ಆ ವರ್ಷ ರಾಯಲ್ ಎಕ್ಸ್‌ಚೇಂಜ್ ಅಶೂರೆನ್ಸ್ ಮತ್ತು ಲಂಡನ್ ಅಶೂರೆನ್ಸ್ ಎಂಬ ಎರಡು ಕಂಪನಿಗಳಿಗೆ ನೌಕಾ ವಿಮೆಯ ಹಕ್ಕು ಕೊಟ್ಟು, ಬೇರೆ ಕಂಪನಿಗಳಿಗೂ ಪಾಲುದಾರಿಕೆಗಳಿಗೂ ಬಾಗಿಲು ಮುಚ್ಚಿತು. ಆದರೆ ಒಬ್ಬೊಬ್ಬನೇ ತನ್ನ ಸ್ವಂತ ಹೊಣೆಯ ಮೇಲೆ ವಿಮೆ ಬರೆಯುವುದನ್ನು ತಡೆಯಲಿಲ್ಲ. ಕಾಫಿ ಅಂಗಡಿಯಲ್ಲಿ ನಡೆಯುತ್ತಿದ್ದದ್ದು ಅದೇ. ನಿರ್ಬಂಧ 1824ರವರೆಗೆ ಉಳಿಯಿತು. ಪ್ರತಿಯೊಬ್ಬನೂ ತನ್ನ ಪಾಲಿಗೆ ಮಾತ್ರ ಹೊಣೆ, ಪಕ್ಕದವನ ಪಾಲಿಗೆ ಅಲ್ಲ ಎಂಬ ನಿಯಮ ಅಷ್ಟರಲ್ಲಿ ಬೇರೂರಿತ್ತು. ಇವತ್ತಿನ ಪಾಲಿಸಿಯಲ್ಲೂ ಅದು ಪ್ರತ್ಯೇಕ ಷರತ್ತಾಗಿ ಅಚ್ಚಾಗಿರುತ್ತದೆ.

ಉಳಿದ ಇತಿಹಾಸವನ್ನು ಬೇಗ ಹೇಳಬಹುದು. ವಿಮೆಯ ಹೆಸರಲ್ಲಿ ಜೂಜು ಹೆಚ್ಚಾಯಿತೆಂದು 1769ರಲ್ಲಿ ಒಂದು ಗುಂಪು ಬೇರೆಯಾಯಿತು. 1771ರಲ್ಲಿ 79 ಜನ ತಲಾ 100 ಪೌಂಡ್ ಹಾಕಿ ಸ್ವಂತ ಜಾಗಕ್ಕೆ ಹೊರಟರು, 1774ರಲ್ಲಿ ರಾಯಲ್ ಎಕ್ಸ್‌ಚೇಂಜ್ ಕಟ್ಟಡ ಸೇರಿದರು. 1871ರ ಕಾಯ್ದೆ ಲಾಯ್ಡ್ಸ್‌ಗೆ ಕಾನೂನಿನ ಅಸ್ತಿತ್ವ ಕೊಟ್ಟಿತು. ಕೊಳವೆಗಳೂ ಲಿಫ್ಟುಗಳೂ ಹೊರಮೈಯಲ್ಲೇ ಕಾಣುವ ಈಗಿನ ಕಟ್ಟಡ ರಿಚರ್ಡ್ ರೋಜರ್ಸ್ ಅವರ ವಿನ್ಯಾಸ, ತೆರೆದದ್ದು 1986ರಲ್ಲಿ. ಅದರ ನೆಲಮಹಡಿಯಲ್ಲಿ ತೂಗುವುದು 1799ರಲ್ಲಿ ಡಚ್ ಕರಾವಳಿಯಲ್ಲಿ ಮುಳುಗಿದ ಲುಟೀನ್ ಹಡಗಿನ ಗಂಟೆ. ಹಡಗು ಹೋಯಿತೆಂದರೆ ಒಂದು ಸಲ, ತಡವಾದದ್ದು ಮರಳಿತೆಂದರೆ ಎರಡು ಸಲ ಬಾರಿಸುತ್ತಿದ್ದರು. ಎಲ್ಲ ಅಂಡರ್‌ರೈಟರುಗಳಿಗೂ ಒಂದೇ ಗಳಿಗೆಗೆ ಸುದ್ದಿ ಮುಟ್ಟಲಿ, ಮೊದಲೇ ತಿಳಿದವನು ಅಪಾಯವನ್ನು ತಿಳಿಯದವನ ತಲೆಗೆ ಕಟ್ಟದಿರಲಿ ಎಂಬುದು ಅದರ ಉಪಯೋಗ. ಈಗ ಬಾರಿಸುವುದು ಸಮಾರಂಭಗಳಿಗೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ವಿಮೆಯಾದ ಹಡಗುಗಳಲ್ಲಿ ಆಫ್ರಿಕಾದ ಗುಲಾಮರನ್ನು ಸಾಗಿಸುತ್ತಿದ್ದವೂ ಇದ್ದವು. ಅದಕ್ಕೆ ಲಾಯ್ಡ್ಸ್ ಕ್ಷಮೆ ಕೇಳಿದ್ದು 2020ರಲ್ಲಿ.

ಹಡಗಿನಾಚೆಗೆ ದಾರಿ ತೆರೆದವರಲ್ಲಿ ಮುಖ್ಯನಾದವನು ಕತ್ಬರ್ಟ್ ಹೀತ್. ಕಳವಿಗೆ ವಿಮೆ ಬರೆದವನು ಅವನು. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ, ಪಾಲಿಸಿಯ ಷರತ್ತು ಏನೇ ಇರಲಿ ನಮ್ಮ ಪಾಲಿಸಿದಾರರಿಗೆಲ್ಲ ಪೂರ್ತಿ ಹಣ ಕೊಡಿ ಎಂದು ತನ್ನ ಏಜೆಂಟನಿಗೆ ತಂತಿ ಕಳಿಸಿದವನೂ ಅವನೇ. ಅಮೆರಿಕದಲ್ಲಿ ಲಾಯ್ಡ್ಸ್ ಹೆಸರಿಗೆ ತೂಕ ಬಂದದ್ದರಲ್ಲಿ ಆ ತಂತಿಯ ಪಾಲು ದೊಡ್ಡದು. ನಟಿಯರ ಕಾಲಿನ ವಿಮೆ ಎಲ್ಲರಿಗೂ ಗೊತ್ತು, ಆದರೆ ಅದು ಹೆಚ್ಚಾಗಿ ಪ್ರಚಾರದ ಬಾಬತ್ತು. ಹಣದ ಲೆಕ್ಕದಲ್ಲಿ ದೊಡ್ಡವು ಬೇರೆ ವಿಮಾ ಕಂಪನಿಗಳಿಂದ ಬರುವ ಮರುವಿಮೆ (ವಿಮಾ ಕಂಪನಿ ತಾನು ಹೊತ್ತ ಹೊಣೆಗೆ ತಾನೇ ಮಾಡಿಸುವ ವಿಮೆ), ಆಸ್ತಿ ವಿಮೆ, ಹೊಣೆಗಾರಿಕೆ ವಿಮೆ (ಇನ್ನೊಬ್ಬರಿಗಾದ ಹಾನಿಗೆ ತೆರಬೇಕಾದ ಪರಿಹಾರಕ್ಕೆ ಮಾಡಿಸುವ ವಿಮೆ).

ಒಂದು ಅಪಾಯ ಹೇಗೆ ಹಂಚಿಹೋಗುತ್ತದೆ

ಗಿರಾಕಿ ನೇರವಾಗಿ ಲೈಮ್ ಸ್ಟ್ರೀಟ್‌ಗೆ ಹೋಗಿ ಪಾಲಿಸಿ ಕೇಳುವಂತಿಲ್ಲ. ಸಾಮಾನ್ಯವಾಗಿ ಲಾಯ್ಡ್ಸ್ ನೋಂದಾಯಿಸಿದ ಬ್ರೋಕರ್ ಬೇಕು. ಬ್ರೋಕರ್ ಅಪಾಯದ ವಿವರಗಳ ದಾಖಲೆಯೊಂದನ್ನು ಸಿದ್ಧ ಮಾಡುತ್ತಾನೆ. ಅದಕ್ಕೆ ಸ್ಲಿಪ್ ಎಂದು ಹಳೆಯ ಹೆಸರು, ಈಗ ಅದು ಎಲ್ಲರಿಗೂ ಒಂದೇ ನಮೂನೆಯ ಕರಾರು. ಹೆಚ್ಚಿನ ಸಹಿಗಳು ಎಲೆಕ್ಟ್ರಾನಿಕ್ ವೇದಿಕೆಯಲ್ಲಿ ಬೀಳುತ್ತವೆ. ವಿಮೆಯ ವಸ್ತು, ಮೊತ್ತ, ಅವಧಿ, ಷರತ್ತು, ಹೊರತುಗಳು, ಯಾವ ದೇಶದ ಕಾನೂನು ಎಂಬುದೆಲ್ಲ ಅದರಲ್ಲಿರುತ್ತದೆ.

ಸ್ಲಿಪ್ ಮೊದಲು ಹೋಗುವುದು ಆ ಬಗೆಯ ಅಪಾಯವನ್ನು ಅರೆದು ಕುಡಿದ ಒಬ್ಬ ಅಂಡರ್‌ರೈಟರ್ ಬಳಿಗೆ. ಅವನು ಲೀಡರ್. ದರ ಹೇಳುವವನು, ಷರತ್ತು ತಿದ್ದುವವನು ಅವನು. ಒಪ್ಪಿದರೆ ತನ್ನ ಸಿಂಡಿಕೇಟಿನ, ಅಂದರೆ ತಾನು ಯಾರ ಪರವಾಗಿ ವಿಮೆ ಬರೆಯುತ್ತಾನೋ ಆ ಬಂಡವಾಳದಾರರ ಗುಂಪಿನ, ಪಾಲು ಶೇಕಡಾ ಎಷ್ಟೆಂದು ಬರೆದು ಮುದ್ರೆ ಒತ್ತುತ್ತಾನೆ. ಈ ಪಾಲಿಗೆ ಲೈನ್ ಎನ್ನುತ್ತಾರೆ. ಆಮೇಲೆ ಬ್ರೋಕರ್ ಉಳಿದ ಸಿಂಡಿಕೇಟುಗಳಿಗೆ ಹೋಗುತ್ತಾನೆ. ಅವರು ಲೀಡರ್ ಯಾರೆಂದು ನೋಡಿ ಅದೇ ದರಕ್ಕೆ ತಮ್ಮ ಪಾಲು ಬರೆಯುತ್ತಾರೆ. ಒಳ್ಳೆಯ ಲೀಡರ್ ಸಿಕ್ಕರೆ ಬ್ರೋಕರನ ಅರ್ಧ ಕೆಲಸ ಮುಗಿದಂತೆ.

ಹತ್ತು ಕೋಟಿ ಡಾಲರ್ ಬೆಲೆಯ ಹಡಗೊಂದನ್ನು ಊಹಿಸಿಕೊಳ್ಳಿ. ಲೀಡರ್ ಶೇ 20, ಉಳಿದವರು 10, 7.5, 5 ಎಂದು ಬರೆಯುತ್ತಾ ಒಟ್ಟು ಶೇ 125 ಆಯಿತು. ಬೇಡಿಕೆ ಇರುವ ಅಪಾಯಕ್ಕೆ ಹೀಗೆ ನೂರು ದಾಟುವುದು ಮಾಮೂಲು, ಬ್ರೋಕರ್ ಬೇಕೆಂದೇ ಹೆಚ್ಚು ಬರೆಸುವುದೂ ಉಂಟು. ಆಗ ಎಲ್ಲರ ಪಾಲನ್ನೂ ಅದೇ ಅನುಪಾತದಲ್ಲಿ ಇಳಿಸುತ್ತಾರೆ: 20 ಇದ್ದದ್ದು 16 ಆಗುತ್ತದೆ, 10 ಇದ್ದದ್ದು 8, 7.5 ಇದ್ದದ್ದು 6, 5 ಇದ್ದದ್ದು 4. ಹಡಗು ಪೂರ್ತಿ ಹೋದರೆ ಲೀಡರ್ ಕೊಡುವುದು 1.6 ಕೋಟಿ ಡಾಲರ್, ಕೊನೆಯವನು ಕೊಡುವುದು 40 ಲಕ್ಷ. ಪಾಲು ಇಳಿಯಬಹುದೆಂಬ ಲೆಕ್ಕದಲ್ಲಿ ತನಗೆ ಬೇಕಾದ್ದಕ್ಕಿಂತ ಹೆಚ್ಚು ಬರೆದ ಸಿಂಡಿಕೇಟಿಗೆ ಇಲ್ಲಿ ಒಂದು ಅಪಾಯವಿದೆ. ಒಟ್ಟು ನೂರು ದಾಟದಿದ್ದರೆ ಬರೆದಷ್ಟೂ ಅದರ ತಲೆಗೇ ಬರುತ್ತದೆ.

ಕ್ಲೇಮು ಬಂದಾಗ ಹತ್ತಾರು ಸಿಂಡಿಕೇಟುಗಳ ಬಾಗಿಲು ತಟ್ಟಬೇಕಿಲ್ಲ. ಸಾಮಾನ್ಯ ಕ್ಲೇಮಿಗೆ ಲಾಯ್ಡ್ಸ್ ಒಳಗಿನ ಲೀಡರ್ ಒಪ್ಪಿದರೆ ಉಳಿದ ಸಿಂಡಿಕೇಟುಗಳು ಬದ್ಧ. ತೊಡಕಿನದಕ್ಕೆ ಎರಡನೆಯ ಸಿಂಡಿಕೇಟಿನ ಒಪ್ಪಿಗೆಯೂ ಬೇಕು. ಅದೇ ಸ್ಲಿಪ್‌ನಲ್ಲಿ ಲಾಯ್ಡ್ಸ್ ಹೊರಗಿನ ಕಂಪನಿಗಳೂ ಪಾಲು ಬರೆದಿದ್ದರೆ ಅವರ ಒಪ್ಪಿಗೆಯನ್ನು ಬೇರೆಯಾಗಿ ಪಡೆಯಬೇಕಾಗಬಹುದು. ತಡವಾಗುವುದು ಬಹಳ ಸಲ ಇಲ್ಲೇ.

ಕ್ಲೇಮು ಮುರಿದುಬೀಳುವ ಹಳೆಯ ಕಾರಣ ಇನ್ನೊಂದಿದೆ, ಹೇಳಬೇಕಾದ ಸಂಗತಿ ಹೇಳದೆ ಇರುವುದು. ಅಪಾಯದ ವಿವರ ಗೊತ್ತಿರುವುದು ವಿಮೆ ಕೇಳುವವನಿಗೆ, ದರ ಹಾಕುವವನಿಗಲ್ಲ; ಆದ್ದರಿಂದ ಕೇಳದಿದ್ದರೂ ಹೇಳಬೇಕು ಎಂಬ ತತ್ತ್ವವನ್ನು 1766ರಲ್ಲೇ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕಾರ್ಟರ್ ಮತ್ತು ಬೋಯಮ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದರು. ಬ್ರಿಟನ್ನಿನ 1906ರ ನೌಕಾ ವಿಮಾ ಕಾಯ್ದೆಗೆ ಅದು ಸೇರಿತು, ಅದನ್ನೇ ಹೋಲುವ ಭಾರತದ 1963ರ ಕಾಯ್ದೆಗೂ ಬಂತು. ಬ್ರಿಟನ್ ಇದನ್ನು 2015ರ ವಿಮಾ ಕಾಯ್ದೆಯಲ್ಲಿ ಸಡಿಲಿಸಿದೆ: ಉದ್ದೇಶವಿಲ್ಲದ ತಪ್ಪಾದರೆ, ಸರಿಯಾಗಿ ಹೇಳಿದ್ದರೆ ಅಂಡರ್‌ರೈಟರ್ ಏನು ಮಾಡುತ್ತಿದ್ದನೋ ಅದಕ್ಕೆ ತಕ್ಕಷ್ಟು ಮಾತ್ರ ಕಡಿತ. ಭಾರತದ ಕಾಯ್ದೆಯಲ್ಲಿ ಪೂರ್ತಿ ಪಾಲಿಸಿಯನ್ನೇ ರದ್ದು ಮಾಡುವ ಹಳೆಯ ಹಕ್ಕು ಹಾಗೇ ಉಳಿದಿದೆ. ಆದ್ದರಿಂದ ಕರಾರಿನಲ್ಲಿ ಯಾವ ದೇಶದ ಕಾನೂನು ಎಂಬ ಒಂದು ಸಾಲನ್ನು ಸರಕು ಕಳಿಸುವವರು ಓದದೆ ಬಿಡಬಾರದು.

ಯುದ್ಧದ ಅಪಾಯದ ಲೆಕ್ಕ ಬೇರೆ. ಸಾಮಾನ್ಯ ಹಡಗು ವಿಮೆಯಲ್ಲಿ ಯುದ್ಧ ಸೇರುವುದಿಲ್ಲ, ಅದಕ್ಕೆ ಪ್ರತ್ಯೇಕ ಪಾಲಿಸಿ. ಲಂಡನ್ ಮಾರುಕಟ್ಟೆಯ ಜಂಟಿ ಯುದ್ಧ ಸಮಿತಿ ಅಪಾಯದ ಸಮುದ್ರಗಳ ಪಟ್ಟಿಯೊಂದನ್ನು ಹೊರಡಿಸುತ್ತದೆ. ಪಟ್ಟಿಯಲ್ಲಿರುವ ನೀರಿಗೆ ಹಡಗು ಇಳಿಯುವ ಮುನ್ನ ತಿಳಿಸಬೇಕು, ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕಾಗುತ್ತದೆ. ಆ ಪ್ರೀಮಿಯಂ ಹಡಗಿನ ಬೆಲೆಯ ಇಂತಿಷ್ಟು ಶೇಕಡಾ ಎಂದು, ಸಾಮಾನ್ಯವಾಗಿ ಏಳು ದಿನಗಳ ಲೆಕ್ಕದಲ್ಲಿ ಇರುತ್ತದೆ. 2023ರ ಡಿಸೆಂಬರ್ 23ರಂದು ಸೌದಿಯಿಂದ ನವಮಂಗಳೂರು ಬಂದರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಟ್ಯಾಂಕರಿಗೆ ಡ್ರೋನ್ ಬಡಿದದ್ದು ಗುಜರಾತಿನ ತೀರದಿಂದಾಚೆ, ಆಗ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದ ಕೆಂಪು ಸಮುದ್ರದಿಂದ ಬಹಳ ದೂರದಲ್ಲಿ. ಇಂಥ ಒಂದು ಘಟನೆಯಾದರೆ ಮರುದಿನದಿಂದಲೇ ಅಂಡರ್‌ರೈಟರುಗಳು ಕೇಳುವ ಪ್ರಶ್ನೆ ಬದಲಾಗುತ್ತದೆ: ಹಡಗು ಎಲ್ಲಿಗೆ ಹೋಗುತ್ತದೆ ಎನ್ನುವುದರ ಜೊತೆಗೆ ಅದರ ಮಾಲೀಕ ಯಾರು, ಯಾವ ದೇಶದ ನಂಟು ಎಂದೂ.

ಹಣದ ಮೂರು ಪದರ

ಸಿಂಡಿಕೇಟ್ ಕಾನೂನಿನ ಕಣ್ಣಲ್ಲಿ ಕಂಪನಿಯಲ್ಲ. ಅದು ಒಂದು ಸಂಖ್ಯೆ ಹೊತ್ತ ಸದಸ್ಯರ ಗುಂಪು, ಔಪಚಾರಿಕವಾಗಿ ವರ್ಷಕ್ಕೊಮ್ಮೆ ಹೊಸದಾಗಿ ಕೂಡುತ್ತದೆ. ಬಂಡವಾಳ ಹಾಕುವವರು ಸದಸ್ಯರು. ಅಂಡರ್‌ರೈಟರನ್ನು ನೇಮಿಸಿ ವ್ಯವಹಾರ ನಡೆಸುವುದು ಮ್ಯಾನೇಜಿಂಗ್ ಏಜೆಂಟ್ ಎಂಬ ಕಂಪನಿ. ಇವೆರಡರ ಮೇಲೆ ಕಣ್ಣಿಟ್ಟು ನಿಯಮ ಹಾಕುವುದು ಲಾಯ್ಡ್ಸ್ ಕಾರ್ಪೊರೇಷನ್.

ಕ್ಲೇಮಿನ ಹಣ ಮೊದಲು ಬರುವುದು ಸಿಂಡಿಕೇಟಿನ ಪ್ರೀಮಿಯಂ ನಿಧಿಯಿಂದ. ಅದು ಟ್ರಸ್ಟ್‌ನಲ್ಲಿರುತ್ತದೆ, ಲಾಭ ಹಂಚುವವರೆಗೆ ಸದಸ್ಯರು ಮುಟ್ಟುವಂತಿಲ್ಲ. ಸಾಲದಿದ್ದರೆ ಪ್ರತಿ ಸದಸ್ಯನೂ ಮೊದಲೇ ಠೇವಣಿ ಇಟ್ಟ ಬಂಡವಾಳ. ಅದೂ ಸಾಲದಿದ್ದರೆ ಎಲ್ಲ ಸದಸ್ಯರ ವಂತಿಗೆಯಿಂದ ಕಟ್ಟಿದ ಕೇಂದ್ರ ನಿಧಿ. ಮೇಲಿನ ಉದಾಹರಣೆಯಲ್ಲಿ ಶೇ 4ರವನು ಕೈಯೆತ್ತಿದರೆ ಅವನ 40 ಲಕ್ಷ ಡಾಲರನ್ನು ಉಳಿದ ಸಿಂಡಿಕೇಟುಗಳು ಕೊಡಬೇಕಿಲ್ಲ, ಕೇಂದ್ರ ನಿಧಿ ಕೊಡಬಹುದು. 'ಕೊಡಬಹುದು' ಎಂದೇ ಹೇಳಬೇಕು. ಆ ನಿಧಿಯನ್ನು ಬಳಸುವುದು ಲಾಯ್ಡ್ಸ್ ಆಡಳಿತ ಮಂಡಳಿಯ ವಿವೇಚನೆಗೆ ಬಿಟ್ಟದ್ದು. ಆದರೂ ಎಲ್ಲ ಸಿಂಡಿಕೇಟುಗಳಿಗೂ ಹಣ ತೀರಿಸುವ ಶಕ್ತಿಯನ್ನು ಅಳೆಯುವ ರೇಟಿಂಗ್ ಒಂದೇ ಸಿಗುವುದು ಈ ನಿಧಿಯ ಬಲದಿಂದ. ಚಿಕ್ಕ ಸಿಂಡಿಕೇಟೊಂದು ದೊಡ್ಡ ಕಂಪನಿಗೆ ಸಮನಾಗಿ ನಿಲ್ಲುವ ಗುಟ್ಟು ಅದು.

ಒಂದು ಕಾಲದಲ್ಲಿ ಸದಸ್ಯರೆಂದರೆ ಬಹುಪಾಲು ಶ್ರೀಮಂತ ವ್ಯಕ್ತಿಗಳು. ಅವರಿಗೆ ನೇಮ್ಸ್ ಎಂಬ ಹೆಸರಿತ್ತು. ಅವರ ಹೊಣೆಗೆ ಮಿತಿ ಇರಲಿಲ್ಲ, ಮನೆಮಠ ಮಾರಿಯಾದರೂ ತೀರಿಸಬೇಕಿತ್ತು. 1988ರ ಹೊತ್ತಿಗೆ ಅಂಥವರ ಸಂಖ್ಯೆ 32,000 ದಾಟಿತ್ತು. ಅವರು ಹೇಗೆ ಮುಳುಗಿದರು ಎಂಬುದನ್ನು ನೋಡಿದರೆ ಲಾಯ್ಡ್ಸ್ ಲೆಕ್ಕಪದ್ಧತಿಯೂ ಅರ್ಥವಾಗುತ್ತದೆ.

ಲಾಯ್ಡ್ಸ್‌ನಲ್ಲಿ ಒಂದು ವರ್ಷದ ಲೆಕ್ಕವನ್ನು ಮುಚ್ಚುವುದು ಮೂರು ವರ್ಷದ ಕೊನೆಗೆ. 2024ರಲ್ಲಿ ಬರೆದ ಪಾಲಿಸಿಗಳ ಲೆಕ್ಕ ಮುಗಿಯುವುದು 2026ರ ಅಂತ್ಯಕ್ಕೆ. ಆಗಲೂ ಬಾರದೆ ಉಳಿದ ಕ್ಲೇಮುಗಳಿಗೆ ಒಂದು ಅಂದಾಜು ಬೆಲೆ ಕಟ್ಟಿ, ಅಷ್ಟು ಪ್ರೀಮಿಯಂ ಕೊಟ್ಟು ಮುಂದಿನ ವರ್ಷದ ಸದಸ್ಯರ ತಲೆಗೆ ದಾಟಿಸುತ್ತಾರೆ. ಹಡಗು ಮುಳುಗುವುದು ಬೆಂಕಿ ಬೀಳುವುದಾದರೆ ಈ ಪದ್ಧತಿ ಚೆನ್ನಾಗಿ ನಡೆಯುತ್ತದೆ, ಮೂರು ವರ್ಷದಲ್ಲಿ ಎಲ್ಲ ಗೊತ್ತಾಗಿರುತ್ತದೆ. ಆಸ್‌ಬೆಸ್ಟಾಸ್ (ಕಲ್ನಾರು) ವಿಷಯದಲ್ಲಿ ಹಾಗಾಗಲಿಲ್ಲ. ಅಮೆರಿಕದ ಕಾರ್ಖಾನೆಗಳಿಗೆ ದಶಕಗಳ ಹಿಂದೆ ಬರೆದ ಹೊಣೆಗಾರಿಕೆ ಪಾಲಿಸಿಗಳು, ಧೂಳು ಕುಡಿದ ಕೆಲಸಗಾರನಿಗೆ ಮೂವತ್ತು ನಲವತ್ತು ವರ್ಷದ ನಂತರ ರೋಗ ಕಾಣಿಸಿಕೊಂಡಾಗ ಎದ್ದು ಕುಳಿತವು. ಅಷ್ಟರಲ್ಲಿ ಆ ಹೊಣೆ ವರ್ಷದಿಂದ ವರ್ಷಕ್ಕೆ, ಕಡಿಮೆ ಬೆಲೆಗೆ ದಾಟುತ್ತಾ ಬಂದು 1980ರ ದಶಕದಲ್ಲಿ ಸೇರಿದವರ ಕೊರಳಿಗೆ ಬಿದ್ದಿತ್ತು. ತಾವು ಹುಟ್ಟುವ ಮೊದಲೇ ಬರೆದ ಪಾಲಿಸಿಗೆ ಹಣ ಕಟ್ಟಿದವರೂ ಅವರಲ್ಲಿದ್ದರು.

ಇದರ ಜೊತೆಗೆ ಮರುವಿಮೆಯ ಸುಳಿ. ಕೆಲವು ಸಿಂಡಿಕೇಟುಗಳು ತಮ್ಮ ದೊಡ್ಡ ನಷ್ಟಗಳನ್ನು ಪರಸ್ಪರರಿಗೇ ಮರುವಿಮೆ ಮಾಡಿಕೊಂಡಿದ್ದವು. ಪ್ರತಿ ಸುತ್ತಿಗೂ ಬ್ರೋಕರಿಗೆ ಕಮಿಷನ್ ಸಿಗುತ್ತಿತ್ತು, ಅಪಾಯ ಮಾತ್ರ ಹೊರಗೆ ಹೋಗಿರಲಿಲ್ಲ. 1988ರ ಜುಲೈಯಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ಅಟ್ಟಣೆ ಸ್ಫೋಟಿಸಿ 167 ಜನ ಸತ್ತರು. ಆ ಒಂದು ನಷ್ಟ ಸುಳಿಯಲ್ಲಿ ಸುತ್ತುತ್ತಾ ಮೂಲದ ಹಲವು ಪಟ್ಟು ಕ್ಲೇಮುಗಳಾಗಿ, ಕೊನೆಗೆ ಯಾರ ಮರುವಿಮೆ ಮೊದಲು ತೀರಿತೋ ಅವರ ಮೇಲೆ ಕುಸಿಯಿತು. 1988ರಿಂದ 1992ರವರೆಗಿನ ಒಟ್ಟು ನಷ್ಟ ಸುಮಾರು 800 ಕೋಟಿ ಪೌಂಡ್.

ಚಿಕಿತ್ಸೆಯೂ ಅಷ್ಟೇ ಕಟುವಾಗಿತ್ತು. 1994ರಿಂದ ಸೀಮಿತ ಹೊಣೆಯ ಕಂಪನಿಗಳಿಗೆ ಸದಸ್ಯತ್ವ ತೆರೆದರು. 1996ರಲ್ಲಿ ಇಕ್ವಿಟಾಸ್ ಎಂಬ ಪ್ರತ್ಯೇಕ ಸಂಸ್ಥೆ ಮಾಡಿ 1992 ಮತ್ತು ಅದಕ್ಕೂ ಹಿಂದಿನ ಹೊಣೆಯನ್ನು ಅದಕ್ಕೆ ವರ್ಗಾಯಿಸಿದರು. ಮಿತಿಯಿಲ್ಲದ ಹೊಣೆಯ ಹೊಸ ಸದಸ್ಯರನ್ನು 2003ರಿಂದ ಸೇರಿಸಿಕೊಳ್ಳುತ್ತಿಲ್ಲ. ಇವತ್ತಿನ ಬಂಡವಾಳದ ಬಹುಪಾಲು ದೊಡ್ಡ ವಿಮಾ ಕಂಪನಿಗಳದು.

ಹೆಸರಿನ ಗೊಂದಲ

ಅಧಿಕೃತ ಹೆಸರು ಬರೀ ಲಾಯ್ಡ್ಸ್. ಲಾಯ್ಡ್ಸ್ ಆಫ್ ಲಂಡನ್ ಎನ್ನುವುದು ಜನ ಕರೆದು ಬಂದ ರೂಢಿ. ಇಂಗ್ಲಿಷಿನಲ್ಲಿ ವಿಮಾ ಮಾರುಕಟ್ಟೆಯ ಹೆಸರಿಗೆ ಎಸ್ ಅಕ್ಷರದ ಮುಂಚೆ ಲೋಪಚಿಹ್ನೆ (ಅಪಾಸ್ಟ್ರಫಿ) ಇದೆ, ಲಾಯ್ಡ್ಸ್ ಬ್ಯಾಂಕಿಗೆ ಇಲ್ಲ. ಬ್ಯಾಂಕ್ 1765ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ್ದು, ಅದರ ಲಾಯ್ಡ್ ಬೇರೆ ಮನೆತನದವನು. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿಬಿಡುವುದರಿಂದ 'ಲಾಯ್ಡ್ಸ್ ವಿಮಾ ಮಾರುಕಟ್ಟೆ' ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ಕಾಫಿ ಅಂಗಡಿಯಿಂದಲೇ ಹುಟ್ಟಿದರೂ ಈಗ ಸಂಬಂಧವಿಲ್ಲದವು ಬೇರೆ ಇವೆ. 1734ರ ಹಡಗು ಸುದ್ದಿಪತ್ರಿಕೆ ಲಾಯ್ಡ್ಸ್ ಲಿಸ್ಟ್, 1760ರಲ್ಲಿ ಆರಂಭವಾದ ಲಾಯ್ಡ್ಸ್ ರಿಜಿಸ್ಟರ್ ಎರಡೂ ಸ್ವತಂತ್ರ. ರಿಜಿಸ್ಟರ್ ಹಡಗುಗಳ ಗಟ್ಟಿತನ ಪರೀಕ್ಷಿಸಿ ದರ್ಜೆ ಕೊಡುತ್ತದೆ, ವಿಮೆ ಕೊಡುವುದಿಲ್ಲ. ಯುರೋಪಿನಲ್ಲಿ ಲಾಯ್ಡ್ ಎಂದರೆ ಹಡಗು ವ್ಯವಹಾರ ಎಂಬಷ್ಟು ಹೆಸರು ಹರಡಿದ್ದರಿಂದ ಟ್ರಿಯೆಸ್ಟೆಯಲ್ಲಿ 1833ರಲ್ಲಿ ಆಸ್ಟ್ರಿಯನ್ ಲಾಯ್ಡ್, ಬ್ರೆಮೆನ್‌ನಲ್ಲಿ 1857ರಲ್ಲಿ ನಾರ್ತ್ ಜರ್ಮನ್ ಲಾಯ್ಡ್ ಹುಟ್ಟಿದವು. ಎರಡನೆಯದು 1970ರಲ್ಲಿ ಹಾಪಾಗ್ ಎಂಬ ಹಡಗು ಕಂಪನಿಯ ಜೊತೆ ಸೇರಿ ಹಾಪಾಗ್-ಲಾಯ್ಡ್ ಆಯಿತು. ಆ ಹೆಸರಿನ ಕಂಟೇನರುಗಳು ನಮ್ಮ ಹೆದ್ದಾರಿಗಳಲ್ಲೂ ಓಡುತ್ತವೆ. ಮನೆಯ ಗೋಡೆಯ ಮೇಲಿನ ಲಾಯ್ಡ್ ಎಸಿ ಹ್ಯಾವೆಲ್ಸ್‌ನದು, ಇವ್ಯಾವುದಕ್ಕೂ ನೆಂಟಸ್ತಿಕೆಯಿಲ್ಲ.

ಲಾಯ್ಡ್ಸ್ 'ನಿಂದ' ವಿಮೆ ಎನ್ನುವ ಬದಲು ಲಾಯ್ಡ್ಸ್ 'ನಲ್ಲಿ' ವಿಮೆ ಎನ್ನುವುದು ಸರಿ. ಪಾಲಿಸಿಯಲ್ಲಿ ವಿಮೆದಾರರ ಜಾಗದಲ್ಲಿ 'ಲಂಡನ್ನಿನ ಲಾಯ್ಡ್ಸ್‌ನ ಕೆಲವು ಅಂಡರ್‌ರೈಟರುಗಳು' ಎಂಬರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಅಮೆರಿಕದ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ನಡೆಯುವುದೂ ಆ ಹೆಸರಲ್ಲೇ. ಅಲ್ಲಿ ಯಾವ ನ್ಯಾಯಾಲಯಕ್ಕೆ ಅಧಿಕಾರವೆಂದು ತೀರ್ಮಾನಿಸಲು ಸಿಂಡಿಕೇಟಿನ ಒಬ್ಬೊಬ್ಬ ಸದಸ್ಯ ಎಲ್ಲಿಯವನೆಂದು ಹುಡುಕುವ ವ್ಯಾಜ್ಯವೇ ಬೇರೆ ಬೆಳೆದಿದೆ. ಒಂದು ಅಪವಾದ ಹೇಳಲೇಬೇಕು. ಬ್ರೆಕ್ಸಿಟ್ ನಂತರ ಯುರೋಪಿನ ಗಿರಾಕಿಗಳಿಗಾಗಿ ಲಾಯ್ಡ್ಸ್ ಬ್ರಸೆಲ್ಸ್‌ನಲ್ಲಿ ನಿಜವಾಗಿಯೂ ಒಂದು ವಿಮಾ ಕಂಪನಿ ತೆರೆದಿದೆ, 2019ರಿಂದ ಅದು ಪಾಲಿಸಿ ಬರೆಯುತ್ತಿದೆ. ಬರೆದದ್ದನ್ನೆಲ್ಲ ಮರುವಿಮೆಯಾಗಿ ಲಂಡನ್ನಿನ ಸಿಂಡಿಕೇಟುಗಳಿಗೇ ಕಳಿಸುತ್ತದೆ.

ಭಾರತದಲ್ಲಿ

ಭಾರತದಲ್ಲಿರುವ ಆಸ್ತಿಗೆ, ಇಲ್ಲಿ ನೋಂದಾಯಿಸಿದ ಹಡಗು-ವಿಮಾನಕ್ಕೆ ವಿದೇಶಿ ವಿಮೆದಾರನಿಂದ ನೇರವಾಗಿ ಪಾಲಿಸಿ ಪಡೆಯಲು 1938ರ ವಿಮಾ ಕಾಯ್ದೆಯ ಪ್ರಕಾರ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಪೂರ್ವಾನುಮತಿ ಬೇಕು. 2015ರ ತಿದ್ದುಪಡಿ ಲಾಯ್ಡ್ಸ್‌ಗೆ ಮರುವಿಮೆಯ ಬಾಗಿಲು ತೆರೆಯಿತು, 2017ರಲ್ಲಿ ಮುಂಬೈಯಲ್ಲಿ ಅದರ ಶಾಖೆ ಶುರುವಾಯಿತು. ಎದುರು ದಿಕ್ಕಿನ ಹೆಜ್ಜೆಯೂ ಇದೆ: ನಮ್ಮ ಸರ್ಕಾರಿ ಮರುವಿಮಾ ಸಂಸ್ಥೆ ಜಿಐಸಿ ರೀ 2018ರಲ್ಲಿ ಲಾಯ್ಡ್ಸ್ ಒಳಗೆ ಸ್ವಂತ ಸಿಂಡಿಕೇಟ್ ತೆರೆಯಿತು. ಅದು ಆರಿಸಿಕೊಂಡ ಸಂಖ್ಯೆ 1947.

ಹೀಗಾಗಿ ಬೆಂಗಳೂರಿನ ಕಂಪನಿಯೊಂದರ ಸೈಬರ್ ವಿಮೆಗೆ 'ಹಿಂದೆ ಲಾಯ್ಡ್ಸ್ ಇದೆ' ಎಂದು ಯಾರಾದರೂ ಹೇಳಿದರೆ, ಪಾಲಿಸಿ ಕೊಟ್ಟದ್ದು ಭಾರತದ ವಿಮಾ ಕಂಪನಿ, ಅದು ತನ್ನ ಹೊಣೆಯ ಒಂದು ಪಾಲನ್ನು ಸಿಂಡಿಕೇಟುಗಳಿಗೆ ಮರುವಿಮೆ ಮಾಡಿದೆ ಎಂದರ್ಥ. ಕ್ಲೇಮಿಗೆ ಉತ್ತರ ಹೇಳಬೇಕಾದದ್ದು ಭಾರತದ ಕಂಪನಿಯೇ, ಮರುವಿಮೆದಾರ ಕೊಟ್ಟಿಲ್ಲವೆಂಬ ನೆಪ ಪಾಲಿಸಿದಾರನ ಮುಂದೆ ನಡೆಯದು. ಆದರೆ ಮರುವಿಮೆಯ ಕರಾರಿನಲ್ಲಿ ಕ್ಲೇಮಿನ ಹಿಡಿತ ಲಂಡನ್ನಿಗೆ ಬಿಟ್ಟಿದ್ದರೆ, ನಷ್ಟ ಅಳೆಯುವ ಸರ್ವೇಯರ್ ನೇಮಕದಿಂದ ಹಿಡಿದು ಒಪ್ಪಂದದ ಮೊತ್ತದವರೆಗೆ ಎಲ್ಲದಕ್ಕೂ ಅಲ್ಲಿಯ ಒಪ್ಪಿಗೆಗೆ ಕಾಯಬೇಕಾಗುತ್ತದೆ. ಪಾಲಿಸಿ ಕೊಳ್ಳುವಾಗಲೇ ಇದನ್ನು ಬ್ರೋಕರಿಗೆ ಕೇಳಬೇಕು.

ವಿದೇಶದಲ್ಲಿ ವ್ಯವಹಾರ ಇರುವವರ ಕೈಗೆ ನೇರ ಲಾಯ್ಡ್ಸ್ ಪಾಲಿಸಿ ಬಂದರೆ ನೋಡಬೇಕಾದವು ಹೆಚ್ಚಿಲ್ಲ. ಕರಾರಿನ ಗುರುತುಸಂಖ್ಯೆ ಇಂಗ್ಲಿಷಿನ ಬಿ ಅಕ್ಷರದಿಂದ ಶುರುವಾಗಿ ನಾಲ್ಕಂಕಿಯ ಬ್ರೋಕರ್ ಸಂಖ್ಯೆಯೊಂದಿಗೆ ಮುಂದುವರಿಯುತ್ತದೆ. ಭದ್ರತೆಯ ವಿವರ ಎಂಬ ಭಾಗದಲ್ಲಿ ಪ್ರತಿ ಸಿಂಡಿಕೇಟಿನ ಸಂಖ್ಯೆ ಮತ್ತು ಪಾಲಿನ ಶೇಕಡಾವಾರು ಇರಬೇಕು, ಕೂಡಿಸಿದರೆ ವಿಮೆ ಆಗಿದೆಯೆಂದು ಹೇಳಿದಷ್ಟಕ್ಕೆ ತಾಳೆಯಾಗಬೇಕು. ಶೇ 90 ಮಾತ್ರ ಇದ್ದರೆ ಉಳಿದ 10 ಗಿರಾಕಿಯದೇ ಹೊಣೆ. ಬ್ರೋಕರಿನ, ಮ್ಯಾನೇಜಿಂಗ್ ಏಜೆಂಟಿನ ಹೆಸರುಗಳನ್ನು ಲಾಯ್ಡ್ಸ್ ಜಾಲತಾಣದ ಮಾರುಕಟ್ಟೆ ಪಟ್ಟಿಯಲ್ಲಿ ಹುಡುಕಬಹುದು. ಸ್ಥಳೀಯ ಏಜೆನ್ಸಿಯೊಂದು ಸಿಂಡಿಕೇಟುಗಳ ಪರವಾಗಿ ಪಾಲಿಸಿ ಕೊಟ್ಟಿದ್ದರೆ ಅದಕ್ಕೆ ಕವರ್‌ಹೋಲ್ಡರ್ ಎಂಬ ಮಾನ್ಯತೆ ಬೇಕು, ಆ ಅಧಿಕಾರ ಯಾವ ಬಗೆಯ ಅಪಾಯಕ್ಕೆ ಎಷ್ಟು ಮೊತ್ತದವರೆಗೆ ಎಂದು ಕರಾರಿನಲ್ಲಿ ಬರೆದಿರುತ್ತದೆ. ಸಿಂಡಿಕೇಟ್ ಸಂಖ್ಯೆಯೇ ಇಲ್ಲದೆ ಬರೀ ಲಾಯ್ಡ್ಸ್ ಎಂಬ ಹೆಸರಿನ ಮುದ್ರೆ ಮಾತ್ರ ಇರುವ ಪ್ರಮಾಣಪತ್ರ ಬಂದರೆ ಪ್ರೀಮಿಯಂ ಕಟ್ಟಬೇಡಿ.